ಮ್ಯೂನಿಕ್ ನಗರದ ಮೇಯರ್ ಮತ್ತು ಪಾಲಿಕೆ ಚುನಾವಣೆಗಳು

ಜರ್ಮನಿಯ ಬವೇರಿಯ ರಾಜ್ಯದ ರಾಜಧಾನಿಯಾದ ಮ್ಯೂನಿಕ್‌ನಲ್ಲಿ ಆರು ವರ್ಷಕ್ಕೊಮ್ಮೆ ನಡೆಯುವ ಸ್ಥಳೀಯ ಚುನಾವಣೆಗಳು. ಸುಮಾರು 15 ಲಕ್ಷ ಜನಸಂಖ್ಯೆಯ ಈ ನಗರ ಬರ್ಲಿನ್ ಮತ್ತು ಹ್ಯಾಂಬರ್ಗ್ ನಂತರ ಜರ್ಮನಿಯ ಮೂರನೇ ದೊಡ್ಡ ನಗರ. ಇಲ್ಲಿನ ಮತದಾರರು ಒಂದೇ ದಿನ ಮೂರು ಬೇರೆ ಬೇರೆ ಮತಪತ್ರಗಳನ್ನು ಪಡೆಯುತ್ತಾರೆ. ಒಂದು ಮೇಯರ್ ಆಯ್ಕೆಗೆ, ಇನ್ನೊಂದು 80 ಸದಸ್ಯರ ನಗರ ಪಾಲಿಕೆಗೆ, ಮತ್ತೊಂದು ತಾವು ವಾಸಿಸುವ ವಿಭಾಗದ ಸಮಿತಿಗೆ. ನಗರದಲ್ಲಿ ಇಂಥ 25 ವಿಭಾಗಗಳಿವೆ. ಮೇಯರ್‌ನನ್ನು ಪಾಲಿಕೆ ಸದಸ್ಯರು ಆರಿಸುವುದಿಲ್ಲ, ಜನರೇ ನೇರವಾಗಿ ಆರಿಸುತ್ತಾರೆ. ಮೇಯರ್ ಮತ್ತು ಪಾಲಿಕೆಯ ಮತಗಳು ಒಂದಕ್ಕೊಂದು ಅಂಟಿಕೊಂಡಿಲ್ಲದಿರುವುದೇ ಈ ವ್ಯವಸ್ಥೆಯ ಜೀವಾಳ. ಮೇಯರ್ ಒಂದು ಪಕ್ಷದವರು, ಪಾಲಿಕೆಯ ಅತಿ ದೊಡ್ಡ ಪಕ್ಷ ಇನ್ನೊಂದು ಎಂಬ ಪರಿಸ್ಥಿತಿ ಇಲ್ಲಿ ಅಪರೂಪವಲ್ಲ. 2014 ಮತ್ತು 2020 ಎರಡರಲ್ಲೂ ಹಾಗೆಯೇ ಆಯಿತು.

ಮೇಯರ್ ಹುದ್ದೆ

ಜರ್ಮನ್ ಭಾಷೆಯಲ್ಲಿ ಈ ಹುದ್ದೆಗೆ ‘ಓಬರ್‌ಬ್ಯುರ್ಗರ್‌ಮೈಸ್ಟರ್’ ಎಂದು ಹೆಸರು. ಕರ್ನಾಟಕದ ಪಾಲಿಕೆಗಳಲ್ಲಿ ಸದಸ್ಯರು ತಮ್ಮೊಳಗಿಂದ ಆರಿಸುವ ಅಲ್ಪಾವಧಿಯ ಮೇಯರ್‌ನನ್ನು ಕಂಡಿರುವ ಓದುಗರು ಆ ಚಿತ್ರವನ್ನು ಪಕ್ಕಕ್ಕಿಟ್ಟು ಇದನ್ನು ನೋಡಬೇಕು. ನಮ್ಮಲ್ಲಿ ಮೇಯರ್ ಮತ್ತು ಆಯುಕ್ತರ ನಡುವೆ ಹಂಚಿಹೋಗಿರುವ ಕೆಲಸ ಅಲ್ಲಿ ಒಬ್ಬರ ಹೆಗಲ ಮೇಲಿದೆ. ಮ್ಯೂನಿಕ್ ಮೇಯರ್ ಪಾಲಿಕೆ ಸಭೆಗೆ ಅಧ್ಯಕ್ಷರು, ಅಲ್ಲಿ ಒಂದು ಮತವುಳ್ಳವರು, ಜೊತೆಗೆ 40,000ಕ್ಕೂ ಹೆಚ್ಚು ನೌಕರರಿರುವ ನಗರಾಡಳಿತದ ಮುಖ್ಯಸ್ಥರು. ಬಜೆಟ್‌ಗೆ ಒಪ್ಪಿಗೆ ಕೊಡುವುದು ಪಾಲಿಕೆಯ ಕೆಲಸ. ಎರಡನೇ ಮತ್ತು ಮೂರನೇ ಮೇಯರ್‌ಗಳನ್ನೂ ಇಲಾಖೆಗಳ ಮುಖ್ಯಸ್ಥರನ್ನೂ ಚುನಾಯಿಸುವುದು ಪಾಲಿಕೆಯೇ. ಆದ್ದರಿಂದ ಜನರಿಂದ ಎಷ್ಟೇ ಭಾರಿ ಬಹುಮತ ಪಡೆದು ಬಂದ ಮೇಯರ್ ಆದರೂ ಪಾಲಿಕೆಯಲ್ಲಿ ಜೊತೆಗಾರ ಪಕ್ಷವನ್ನು ಹುಡುಕಿಕೊಳ್ಳದೆ ಗತ್ಯಂತರವಿಲ್ಲ.

ಗೆಲ್ಲಲು ಚಲಾವಣೆಯಾದ ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಯಾರಿಗೂ ಅಷ್ಟು ಬಾರದಿದ್ದರೆ ಮೊದಲ ಇಬ್ಬರ ನಡುವೆ ಎರಡು ವಾರದ ನಂತರ ಎರಡನೇ ಸುತ್ತಿನ ಮತದಾನ ನಡೆಯುತ್ತದೆ. ಮತ ಒಡೆದು ಶೇ. 30ರಲ್ಲೇ ಗೆದ್ದರು ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ.

80 ಮತಗಳ ಹಾಳೆ

ಪಾಲಿಕೆಯ ಮತಪತ್ರವನ್ನು ಬಿಡಿಸಿ ಹರಡಿದರೆ ಮೇಜು ಮುಚ್ಚಿಹೋಗುತ್ತದೆ. ಪಕ್ಷಗಳ ಪಟ್ಟಿಗಳು ಒಂದರ ಪಕ್ಕ ಒಂದು ಉದ್ದಕ್ಕೆ ಇಳಿದಿರುತ್ತವೆ, ಪ್ರತಿ ಪಟ್ಟಿಯಲ್ಲೂ 80ರವರೆಗೆ ಹೆಸರುಗಳು, ಹೆಸರಿನ ಜೊತೆಗೆ ಉದ್ಯೋಗ. ಶಿಕ್ಷಕಿ, ವಕೀಲ, ವಿದ್ಯಾರ್ಥಿ, ನಿವೃತ್ತ ನೌಕರ ಎಲ್ಲರೂ ಅಲ್ಲಿದ್ದಾರೆ. ಪಾಲಿಕೆಗೆ ಎಷ್ಟು ಸ್ಥಾನಗಳೋ ಪ್ರತಿ ಮತದಾರರಿಗೂ ಅಷ್ಟು ಮತ, ಅಂದರೆ 80.

ಈ 80 ಮತಗಳನ್ನು ಹೇಗೆ ಹಂಚಬೇಕೆಂಬುದು ಪೂರ್ತಿ ಮತದಾರರ ಇಷ್ಟ. ಅವಸರದಲ್ಲಿರುವವರು ಒಂದು ಪಟ್ಟಿಯ ತಲೆಯ ಮೇಲೆ ಒಂದೇ ಗುರುತು ಹಾಕಿ ಮುಗಿಸಬಹುದು, ಆಗ ಮತಗಳು ಆ ಪಟ್ಟಿಯವರಿಗೆ ಕ್ರಮವಾಗಿ ಸಲ್ಲುತ್ತವೆ. ಒಬ್ಬ ಅಭ್ಯರ್ಥಿಯ ಮೇಲೆ ವಿಶೇಷ ನಂಬಿಕೆಯಿದ್ದರೆ ಆ ಹೆಸರಿನ ಮುಂದೆ 3 ಎಂದು ಬರೆದು ಮೂರು ಮತಗಳವರೆಗೆ ಕೊಡಬಹುದು. ಬವೇರಿಯದ ಜನ ಇದನ್ನು ‘ಹಾಯ್ಫೆಲ್ನ್’ ಎನ್ನುತ್ತಾರೆ, ಗುಡ್ಡೆ ಹಾಕುವುದು ಎಂದರ್ಥ. ಒಂದು ಪಕ್ಷದ ಇಬ್ಬರು, ಇನ್ನೊಂದರ ನಾಲ್ವರು, ಮತ್ತೊಂದರ ಒಬ್ಬರು ಎಂದು ಪಟ್ಟಿಗಳನ್ನು ದಾಟಿಯೂ ಆರಿಸಬಹುದು. ಒಂದು ಪಟ್ಟಿಗೆ ಗುರುತು ಹಾಕಿ, ಅದರಲ್ಲಿ ಒಪ್ಪಿಗೆಯಾಗದ ಹೆಸರನ್ನು ಗೆರೆ ಎಳೆದು ಹೊಡೆದುಹಾಕುವ ಹಕ್ಕೂ ಇದೆ. ಬಿಡಿಬಿಡಿಯಾಗಿ ಕೊಟ್ಟ ಮತಗಳ ಒಟ್ಟು ಮೊತ್ತ 80 ದಾಟಿದರೆ ಇಡೀ ಹಾಳೆ ಅಸಿಂಧು. ಹಾಗಾಗಿ ಎಷ್ಟೋ ಮಂದಿ ಅಂಚೆ ಮತಪತ್ರ ತರಿಸಿಕೊಂಡು, ಮನೆಯ ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಲೆಕ್ಕ ಬರೆದುಕೊಳ್ಳುತ್ತ ನಿಧಾನವಾಗಿ ತುಂಬುತ್ತಾರೆ.

ಪಕ್ಷದ ಪಟ್ಟಿಗಳಿಗೆ ಬಂದ ಒಟ್ಟು ಮತಗಳ ಪ್ರಮಾಣದಲ್ಲಿ ಸ್ಥಾನಗಳು ಹಂಚಿಕೆಯಾಗುತ್ತವೆ. ಪಕ್ಷದೊಳಗೆ ಯಾರು ಗೆದ್ದರು ಎಂಬುದನ್ನು ನಿರ್ಧರಿಸುವುದು ವ್ಯಕ್ತಿಗೆ ಬಿದ್ದ ಮತಗಳು. ಪಕ್ಷ 40ನೇ ಸ್ಥಾನದಲ್ಲಿ ಇಟ್ಟವರನ್ನು ಜನ ಮೇಲಕ್ಕೆತ್ತಬಹುದು, ಮೇಲಿಟ್ಟವರನ್ನು ಕೆಳಗಿಳಿಸಬಹುದು. ಟಿಕೆಟ್ ಹಂಚುವವರ ಕೈಯಲ್ಲಿ ಕೊನೆಯ ಮಾತು ಉಳಿಯದಂತೆ ಮಾಡಿರುವ ಈ ನಿಯಮ ಇಡೀ ಪದ್ಧತಿಯಲ್ಲೇ ಅತ್ಯಂತ ಪ್ರಜಾಸತ್ತಾತ್ಮಕವಾದದ್ದು ಎನ್ನಬೇಕು. ಇದಕ್ಕೆ ತೆರಬೇಕಾದ ಬೆಲೆ ಎಣಿಕೆಯ ಶ್ರಮ. ಮೇಯರ್ ಫಲಿತಾಂಶ ಮತದಾನದ ಭಾನುವಾರ ಸಂಜೆಯೇ ಸಿಕ್ಕರೂ ಪಾಲಿಕೆಯ ಫಲಿತಾಂಶಕ್ಕೆ ದಿನಗಟ್ಟಲೆ ಕಾಯಬೇಕು. ಎಣಿಸುವವರಲ್ಲಿ ಸ್ವಯಂಸೇವಕರಾದ ನಾಗರಿಕರು ಇರುತ್ತಾರೆ. ಅವರಿಗೆ ಸಲ್ಲುವ ಸಣ್ಣ ಗೌರವಧನಕ್ಕೆ ಕಾಫಿ-ತಿಂಡಿಯ ದುಡ್ಡು ಎಂಬ ಅರ್ಥ ಬರುವ ಹೆಸರೇ ಇದೆ.

ಜರ್ಮನಿಯ ಸಂಸತ್ ಚುನಾವಣೆಯಲ್ಲಿರುವ ಶೇ. 5ರ ತಡೆ ಇಲ್ಲಿ ಇಲ್ಲ. 80ರಲ್ಲಿ ಒಂದು ಸ್ಥಾನವೆಂದರೆ ಶೇ. 1.25. ಅದಕ್ಕಿಂತ ತುಸು ಕಡಿಮೆ ಮತ ಬಂದರೂ ಒಬ್ಬ ಸದಸ್ಯ ಸಿಗಬಹುದು. ಸಲಿಂಗಿ ಸಮುದಾಯದ ‘ರೋಜಾ ಲಿಸ್ಟೆ’ 1996ರಲ್ಲಿ ಪಾಲಿಕೆ ಪ್ರವೇಶಿಸಲು ಇದೇ ಕಾರಣ. ಸಣ್ಣ ಗುಂಪುಗಳು ಹೆಚ್ಚಿದರೆ ಸಭೆ ಒಡೆದುಹೋಗುತ್ತದೆ ಎಂಬ ದೂರು ಆಗಾಗ ಕೇಳಿಬರುತ್ತದೆ. ಆದರೆ ಮ್ಯೂನಿಕ್‌ನ ಆಡಳಿತ ಅದರಿಂದ ನಿಂತದ್ದಿಲ್ಲ.

ಚರಿತ್ರೆ

1933ರ ಮಾರ್ಚ್‌ನಲ್ಲಿ ನಾಜಿಗಳು ಮೇಯರ್ ಕಾರ್ಲ್ ಶಾರ್ನಾಗ್ಲ್ ಅವರನ್ನು ಹೊರಗಟ್ಟಿ ತಮ್ಮ ಪಕ್ಷದ ಕಾರ್ಲ್ ಫೀಲರ್‌ನನ್ನು ಕೂರಿಸಿದರು. ಮುಂದಿನ 12 ವರ್ಷ ನಗರದಲ್ಲಿ ನಿಜವಾದ ಚುನಾವಣೆಯೇ ನಡೆಯಲಿಲ್ಲ. 1945ರ ಏಪ್ರಿಲ್ 30ರಂದು ಅಮೆರಿಕದ ಸೇನೆ ನಗರವನ್ನು ವಶಪಡಿಸಿಕೊಂಡಿತು. ಕೆಲವೇ ದಿನಗಳಲ್ಲಿ ಅದೇ ಶಾರ್ನಾಗ್ಲ್ ಅವರನ್ನು ಕರೆದು ಹುದ್ದೆಗೆ ನೇಮಿಸಿತು. 1946ರಲ್ಲಿ ಪಾಲಿಕೆಗೆ ಮತ್ತೆ ಚುನಾವಣೆ ನಡೆಯಿತು, 1952ರಿಂದ ಮೇಯರ್‌ನನ್ನು ಜನರೇ ನೇರವಾಗಿ ಆರಿಸತೊಡಗಿದರು.

ಯುದ್ಧಾನಂತರದ ಮೇಯರ್‌ಗಳಲ್ಲಿ ಊರಿನ ನೆನಪಿನಲ್ಲಿ ಆಳವಾಗಿ ಉಳಿದವರು ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ (ಎಸ್‌ಪಿಡಿ) ಥಾಮಸ್ ವಿಮ್ಮರ್. ಬಡಗಿ ಕೆಲಸದಿಂದ ಬಂದವರು. ಬಾಂಬ್ ದಾಳಿಯ ಅವಶೇಷ ಬೀದಿಬೀದಿಯಲ್ಲಿ ಬಿದ್ದಿದ್ದಾಗ, 1949ರ ಅಕ್ಟೋಬರ್‌ನಲ್ಲಿ, ಸ್ಥಳೀಯ ಆಡುಮಾತಿನಲ್ಲಿ ‘ರಾಮಾ ದಾಮಾ’, ಅಂದರೆ ‘ಗುಡಿಸಿ ತೆಗೆಯೋಣ’ ಎಂದು ಕರೆಕೊಟ್ಟು ತಾವೂ ಸಲಿಕೆ ಹಿಡಿದು ಇಳಿದರು. ಸಾವಿರಾರು ಜನ ಜೊತೆಗೂಡಿದರು. ಮರುವರ್ಷ ಆಕ್ಟೋಬರ್‌ಫೆಸ್ಟ್ ಹಬ್ಬದ ಮೊದಲ ಬಿಯರ್ ಪೀಪಾಯಿಗೆ ನಲ್ಲಿ ಬಡಿದು ಉದ್ಘಾಟಿಸಿದವರೂ ಅವರೇ. ಆ ಕೆಲಸ ಅಂದಿನಿಂದ ಮೇಯರ್ ಹುದ್ದೆಗೇ ಸೇರಿಹೋಗಿದೆ, ಸುತ್ತಿಗೆಯ ಎಷ್ಟು ಏಟಿಗೆ ನಲ್ಲಿ ಕೂತಿತು ಎಂದು ಪತ್ರಿಕೆಗಳು ಪ್ರತಿವರ್ಷ ಎಣಿಸುತ್ತವೆ.

1960ರಲ್ಲಿ ಹಾನ್ಸ್-ಯೋಹೆನ್ ಫೋಗೆಲ್ ಶೇ. 64ರಷ್ಟು ಮತ ಪಡೆದು 34ನೇ ವಯಸ್ಸಿನಲ್ಲಿ ಮೇಯರ್ ಆದರು. ಸುರಂಗ ರೈಲು ಮತ್ತು 1972ರ ಒಲಿಂಪಿಕ್ಸ್ ಎರಡೂ ಅವರ ಕಾಲದ ದುಡಿಮೆಯ ಫಲ. ನಂತರ ಅದೇ ಎಸ್‌ಪಿಡಿಯ ಗೇಓರ್ಗ್ ಕ್ರೋನಾವಿಟ್ಟರ್ ಬಂದರು. ಎಸ್‌ಪಿಡಿಯ ಒಳಜಗಳ ವಿಪರೀತವಾಗಿದ್ದ 1978ರಲ್ಲಿ ಕ್ರಿಶ್ಚಿಯನ್ ಸೋಷಿಯಲ್ ಯೂನಿಯನ್ (ಸಿಎಸ್‌ಯು) ಪಕ್ಷದ ಏರಿಷ್ ಕೀಸ್ಲ್ ಗೆದ್ದರು. ಇಡೀ ಬವೇರಿಯವನ್ನು ದಶಕಗಳಿಂದ ಆಳಿದ ಪಕ್ಷಕ್ಕೆ ಅದರ ರಾಜಧಾನಿಯಲ್ಲಿ ಜನರ ನೇರ ಮತದಿಂದ ದಕ್ಕಿದ್ದು ಆ ಒಂದು ಅವಧಿ. 1984ರಲ್ಲಿ ಕ್ರೋನಾವಿಟ್ಟರ್ ಮತ್ತೆ ಗೆದ್ದು ಬಂದರು. 1993ರಲ್ಲಿ ಅವರು ಅವಧಿಯ ನಡುವೆ ಕೆಳಗಿಳಿದಾಗ ನಡೆದ ಚುನಾವಣೆಯಲ್ಲಿ ಕ್ರಿಸ್ಟಿಯಾನ್ ಊಡೆ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಮತದಿಂದ ಆರಿಸಿ ಬಂದು 2014ರವರೆಗೆ ಇದ್ದರು. ವಯೋಮಿತಿಯ ಕಾನೂನಿನಿಂದ ಊಡೆ ಮತ್ತೆ ಸ್ಪರ್ಧಿಸುವಂತಿರಲಿಲ್ಲ. ಬವೇರಿಯ ಆ ಮಿತಿಯನ್ನು ಈಚೆಗೆ ತೆಗೆದುಹಾಕಿದೆ.

2020ರ ಚುನಾವಣೆ

ಆ ವರ್ಷದ ಮಾರ್ಚ್ 15ರಂದು, ಕೊರೊನಾ ಸೋಂಕು ಏರುತ್ತಿದ್ದ ದಿನಗಳಲ್ಲಿ, ಮೊದಲ ಸುತ್ತು ನಡೆಯಿತು. 2014ರಲ್ಲಿ ಶೇ. 42ಕ್ಕೆ ಕುಸಿದಿದ್ದ ಮತದಾನ ಶೇ. 49ಕ್ಕೆ ಏರಿತು. ಎಸ್‌ಪಿಡಿಯ ಆಗಿನ ಮೇಯರ್ ಡೀಟರ್ ರೈಟರ್‌ಗೆ ಶೇ. 47.9 ಮತ ಬಂತು, ಗೆಲುವಿಗೆ ಸ್ವಲ್ಪದರಲ್ಲೇ ಕೊರತೆ. ಸಿಎಸ್‌ಯುವಿನ ಕ್ರಿಸ್ಟೀನಾ ಫ್ರಾಂಕ್ ಶೇ. 21.3, ಗ್ರೀನ್ ಪಕ್ಷದ ಕಾತ್ರಿನ್ ಹಾಬೆನ್‌ಶಾಡೆನ್ ಶೇ. 20.7 ಪಡೆದರು. ಮರುದಿನವೇ ಬವೇರಿಯದಲ್ಲಿ ವಿಪತ್ತು ಪರಿಸ್ಥಿತಿ ಘೋಷಣೆಯಾಯಿತು. ಎರಡನೇ ಸುತ್ತನ್ನು ಮುಂದೂಡಲಿಲ್ಲ, ಮತಗಟ್ಟೆಗಳನ್ನೂ ತೆರೆಯಲಿಲ್ಲ. ಪ್ರತಿ ಮತದಾರರ ಮನೆಗೂ ಅರ್ಜಿಯಿಲ್ಲದೆ ಅಂಚೆ ಮತಪತ್ರ ಕಳಿಸಿ ಮಾರ್ಚ್ 29ಕ್ಕೆ ಮುಗಿಸಿದರು. ರೈಟರ್ ಶೇ. 71.7 ಮತದಿಂದ ಗೆದ್ದರು.

ಪಾಲಿಕೆಯ ಚಿತ್ರ ಬೇರೆಯೇ ಇತ್ತು. ಗ್ರೀನ್ ಪಕ್ಷ 23 ಸ್ಥಾನಗಳೊಂದಿಗೆ ಮೊದಲ ಸಲ ಅತಿ ದೊಡ್ಡ ಪಕ್ಷವಾಯಿತು. ಸಿಎಸ್‌ಯುವಿಗೆ 20, ಮೇಯರ್ ಪಕ್ಷಕ್ಕೆ 18 ಮಾತ್ರ. ಉಳಿದ 19 ಸ್ಥಾನಗಳು ಹತ್ತು ಸಣ್ಣ ಪಕ್ಷ, ಗುಂಪುಗಳಿಗೆ ಹಂಚಿಹೋದವು. ಗ್ರೀನ್ ಮತ್ತು ಎಸ್‌ಪಿಡಿ ಕೂಡಿ ಆಡಳಿತ ನಡೆಸಲು ಒಪ್ಪಿದವು, ಮೇಯರ್ ಸ್ಪರ್ಧೆಯಲ್ಲಿ ಸೋತಿದ್ದ ಹಾಬೆನ್‌ಶಾಡೆನ್ ಪಾಲಿಕೆಯ ಮತದಿಂದ ಎರಡನೇ ಮೇಯರ್ ಆದರು. ಅನುಭವಿ ಆಡಳಿತಗಾರರನ್ನು ಬಿಡದೆ ನೀತಿಯ ದಿಕ್ಕನ್ನು ಮಾತ್ರ ಬದಲಿಸುವ ಬಯಕೆಯನ್ನು ಜನ ಎರಡು ಹಾಳೆಗಳಲ್ಲಿ ಬಿಡಿಸಿ ಹೇಳಿದರೆಂದೇ ಇದನ್ನು ಓದಬೇಕು.

ಮತದ ಹಕ್ಕು

18 ತುಂಬಿದ, ಕನಿಷ್ಠ ಎರಡು ತಿಂಗಳಿಂದ ನಗರದಲ್ಲಿ ನೆಲೆಸಿರುವ ಜರ್ಮನ್ ಪೌರರಿಗೂ ಯುರೋಪಿಯನ್ ಒಕ್ಕೂಟದ ಇತರ ದೇಶಗಳ ಪೌರರಿಗೂ ಮತದ ಹಕ್ಕಿದೆ. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅಲೆಯಬೇಕಿಲ್ಲ, ನಿವಾಸ ನೋಂದಣಿಯ ಆಧಾರದ ಮೇಲೆ ಸೂಚನಾ ಪತ್ರ ತಾನಾಗಿ ಮನೆಗೆ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮಾತ್ರ, ಎಷ್ಟು ವರ್ಷ ಅಲ್ಲಿದ್ದು ತೆರಿಗೆ ಕಟ್ಟಿದರೂ, ಈ ಹಕ್ಕಿಲ್ಲ. ಮ್ಯೂನಿಕ್‌ನ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ಅನೇಕರ ಸ್ಥಿತಿ ಇದೇ. ಭಾರತ ಎರಡು ಪೌರತ್ವವನ್ನು ಒಪ್ಪದ ಕಾರಣ ಜರ್ಮನ್ ಪೌರತ್ವ ಪಡೆಯುವುದೆಂದರೆ ಭಾರತದ್ದನ್ನು ಬಿಡುವುದು. ಆದರೆ ವಿದೇಶಿ ನಿವಾಸಿಗಳೇ ಮತ ಹಾಕಿ ಆರಿಸುವ, ಪಾಲಿಕೆಗೆ ಸಲಹೆ ಕೊಡುವ 40 ಸದಸ್ಯರ ವಲಸಿಗರ ಮಂಡಳಿಯೊಂದು ನಗರದಲ್ಲಿದೆ. ಅದರ ಚುನಾವಣೆಗೆ ಬರುವವರು ಬಹಳ ಕಡಿಮೆ. ಅಲ್ಲಿರುವ ಕನ್ನಡಿಗರು ಆ ಮತವನ್ನಾದರೂ ತಪ್ಪದೆ ಹಾಕಬೇಕು.