ಬಾಗಿಲ ಮೇಲಿನ ಬಳೆ ತೋರಣ

ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು ಎಂದು ನಮ್ಮಜ್ಜಿ ಗದರುತ್ತಿದ್ದರು. ಡಬ್ಬದಲ್ಲಿ ಅಕ್ಕಿ ಮುಗಿದರೂ ಹೆಚ್ಚಿತು, ಕೈಯ ಬಳೆ ಚೂರಾದರೂ ಹೆಚ್ಚಿತು. ಹೀಗೆ ಹೆಚ್ಚಿದ ಬಳೆಗಳ ಚೂರುಗಳನ್ನು ನಮ್ಮ ಮನೆಯಲ್ಲಿ ಯಾರೂ ಬಿಸಾಡುತ್ತಿರಲಿಲ್ಲ. ಅಡಿಗೆಮನೆಯ ಅಟ್ಟದ ಮೇಲೆ ಒಂದು ದಪ್ಪ ಗಾಜಿನ ಸೀಸೆಯಿತ್ತು. ಅದು ನಮ್ಮ ಸೋದರತ್ತೆಯದು. ಬೀದಿಯ ಹುಡುಗಿಯರೆಲ್ಲ ಬಳೆ ಚೂರಿನ ಆಟ ಆಡಿ ಸೋತು ಗೆದ್ದು ಬೇಸರವಾದ ಮೇಲೆ ತಮ್ಮ ಪಾಲಿನದನ್ನು ತಂದು ಅತ್ತೆಯ ಸೀಸೆಗೆ ಹಾಕುತ್ತಿದ್ದರು. ಬಳೆಗಾರ ಬಂದು ಹೋದ ದಿನವಂತೂ ಸುಗ್ಗಿ. ಬಿಗಿಯಾದ ಬಳೆಯನ್ನು ದಪ್ಪ ಕೈಗೆ ಏರಿಸುವಾಗ ನಾಲ್ಕಾರು ಹೆಚ್ಚದೆ ಇರುತ್ತಿರಲಿಲ್ಲ.

1974ರಲ್ಲಿ ಚಿತ್ರದುರ್ಗದಲ್ಲಿ ಅಪ್ಪ ಮನೆ ಕಟ್ಟಿಸಿದರು. ಸ್ಕೂಲು ಮೇಷ್ಟರ ಸಂಬಳ, ಮೇಲೆ ಸಾಲ. ಸಿಮೆಂಟಿಗೆ ಪರ್ಮಿಟ್ಟು ಬೇಕಿದ್ದ ಕಾಲ ಅದು. ಆ ಹಿಡಿತ ಸ್ವಲ್ಪ ಸಡಿಲಾದದ್ದು 1982ರಲ್ಲಿ. ನಮ್ಮ ನಡುಮನೆಯ ಒಂದು ಗೋಡೆಗೆ ಬರುವ ಹೊತ್ತಿಗೆ ಪರ್ಮಿಟ್ಟಿನ ಸಿಮೆಂಟೂ ಮುಗಿದಿತ್ತು, ಅಪ್ಪನ ಕೈಯೂ ಬರಿದಾಗಿತ್ತು. ಗೃಹಪ್ರವೇಶದ ಮುಹೂರ್ತ ಮಾತ್ರ ನಿಂತುಕೊಳ್ಳಲಿಲ್ಲ. ಬೆತ್ತಲೆ ಇಟ್ಟಿಗೆ ಗೋಡೆಯನ್ನು ನೋಡಿ ನೋಡಿ ಅಮ್ಮ ಒಂದು ದಿನ ಅತ್ತೆಯನ್ನು ಕರೆದು, “ಇದಕ್ಕೆ ಏನಾದರೂ ಉಡಿಸೋಣ” ಅಂದಳು.

ಅಲ್ಲಿಂದ ಮೂರು ತಿಂಗಳು ನಮ್ಮ ಬಾಡಿಗೆ ಮನೆ ಕಾರ್ಖಾನೆಯೇ ಆಯಿತು. ಅಮ್ಮ ಮ್ಯಾಟಿ ಬಟ್ಟೆಯ ಮೇಲೆ ಗಿಳಿಗಳ ಜೋಡಿ ಹೊಲಿದಳು. ಇಂಟು ಗುರುತಿನ ಹೊಲಿಗೆ, ಚೌಕಳಿ ಕಾಗದದ ಮೇಲಿನ ನಮೂನೆ ನೋಡಿ ಮನೆ ಎಣಿಸಿ ಎಣಿಸಿ ಹಾಕುವುದು. ಇಂಥ ಚೌಕಳಿ ನಮೂನೆಗಳು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ಅಚ್ಚಾಗಿ ಯುರೋಪಿನ ಮನೆಮನೆಗೆ ಹೋದವು. ಆಮೇಲೆ ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳ ಹೊಲಿಗೆ ಪೀರಿಯಡ್ಡಿನೊಳಗೆ ನಮ್ಮ ದೇಶಕ್ಕೂ ಬಂದವು. ಅಮ್ಮನಿಗೆ ಬರ್ಲಿನ್ನಿನ ಗೊಡವೆ ಇರಲಿಲ್ಲ. ಅವಳಿಗೆ ಆ ನಮೂನೆ ಪಕ್ಕದ ಮನೆಯವರಿಂದ ಬಂದದ್ದು, ಅಷ್ಟೆ.

ಇನ್ನೊಂದು, ಬಟ್ಟೆ ಉಡಿಸಿದ ಲಕ್ಷ್ಮಿಯ ಪಟ. ಅಚ್ಚಿನ ಚಿತ್ರಕ್ಕೆ ಸೀರೆಯ ಜಾಗದಲ್ಲಿ ನಿಜವಾದ ರೇಷ್ಮೆ ಚೂರು, ಅಂಚಿಗೆ ಹಳೆ ಸೀರೆಯ ಜರಿ, ಕಿರೀಟಕ್ಕೆ ಚಮಕಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಒತ್ತಿ ದೇವರ ಪಟಗಳನ್ನು ಅಗ್ಗವಾಗಿ ಹೊರಡಿಸಿದರಲ್ಲ, ಆ ಪಟಗಳಿಗೆ ಜರಿ, ಚಮಕಿ ಹೊಲಿದು ಅಲಂಕಾರ ಮಾಡಿದವರು ಆಗಲೇ ಇದ್ದರು. ರವಿವರ್ಮರ ದೊಡ್ಡ ಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕತ್ತೆತ್ತಿ ನೋಡಬೇಕು. ಈ ಸಣ್ಣ ಲಕ್ಷ್ಮಿಗೆ ಮಾತ್ರ ನಮ್ಮ ಹೆಂಗಸರು ಕೈಯಾರೆ ಸೀರೆ ಉಡಿಸಬಹುದಿತ್ತು. ನನಗೇನೋ ಅದೇ ಹೆಚ್ಚು ಇಷ್ಟ.

ಆದರೆ ಹೇಳಬೇಕೆಂದು ಹೊರಟದ್ದು ತೋರಣದ ವಿಷಯ. ಅದು ಅತ್ತೆಯ ಕೈಯ ಕೆಲಸ.

ರಾತ್ರಿ ಎಲ್ಲರ ಊಟವಾಗಿ ಪಾತ್ರೆ ಬೆಳಗಿಟ್ಟ ಮೇಲೆ ಅವಳು ಕೂರುತ್ತಿದ್ದಳು. ಗಾಳಿ ಆಡದಂತೆ ಕಿಟಕಿ ಮುಚ್ಚಿ, ಎದುರಿಗೊಂದು ಮೇಣದ ಬತ್ತಿ. ಬಳೆ ಚೂರಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ನಡುಭಾಗವನ್ನು ಉರಿಗೆ ಒಡ್ಡಬೇಕು. ಗಾಜಿನಲ್ಲಿ ಶಾಖ ಬೇಗ ಹರಿಯುವುದಿಲ್ಲ. ನಡುವೆ ಮೆತ್ತಗಾದರೂ ತುದಿ ಹಿಡಿದ ಬೆರಳು ಸ್ವಲ್ಪ ಹೊತ್ತು ತಡೆಯುತ್ತದೆ. ಚೂರು ತಾನಾಗಿ ಬಾಗುತ್ತಾ ಬರುತ್ತದೆ, ಎರಡು ತುದಿ ಹತ್ತಿರ ಬರುತ್ತವೆ. ಅವು ಒಂದನ್ನೊಂದು ಮುಟ್ಟುವ ಮೊದಲು ಹಿಂದಿನ ಉಂಗುರವನ್ನು ಒಳಗೆ ತೂರಿಸಿಬಿಡಬೇಕು. ತೂರಿಸುವುದು ಮರೆತರೆ ಆ ಉಂಗುರ ಒಂಟಿ, ಸರಪಳಿಗೆ ಸೇರುವುದಿಲ್ಲ. ಅವಸರ ಮಾಡಿದರೆ ಪಟ್ಟೆಂದು ಸಿಡಿಯುತ್ತದೆ. ದಪ್ಪ ಬಳೆ ಕೆಲಸಕ್ಕೆ ಬಾರದು, ತೆಳು ಬಳೆಯೇ ಆಗಬೇಕು. ಮಾಡಿದ್ದೆಲ್ಲ ಮಸಿ ಹಿಡಿದಿರುತ್ತದೆ. ಬೆಳಿಗ್ಗೆ ಸೀಗೇಕಾಯಿ ನೀರಿನಲ್ಲಿ ಉಜ್ಜಿ ತೊಳೆದರೆ ಬಣ್ಣ ಕಣ್ಣು ಬಿಡುತ್ತಿತ್ತು. ಒಂದೊಂದು ಎಳೆಗೆ ಹದಿನೇಳು ಉಂಗುರ, ಒಟ್ಟು ಇಪ್ಪತ್ತೊಂದು ಎಳೆ. ಖರ್ಚು ಮೇಣದ ಬತ್ತಿಯದು ಮಾತ್ರ, ಅದಕ್ಕೂ ಅಪ್ಪ ಒಂದು ಸಲ ಗೊಣಗಿದ್ದು ನೆನಪಿದೆ.

ನಮ್ಮ ಜಿಲ್ಲೆಗೂ ಬಳೆಗೂ ಹಳೆಯ ನಂಟು ಇದೆ ಎಂದು ತಿಳಿದದ್ದು ನಾನು ಕಾಲೇಜಿನಲ್ಲಿ ಚರಿತ್ರೆ ಓದುವಾಗ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಒಂದು ಕಾಲಕ್ಕೆ ಗಾಜಿನ ಒಲೆಗಳಿದ್ದವು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪೆನಿ ಸರಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ಸುತ್ತಿ ಬರಲು ಕಳಿಸಿತು. ಯಾವ ಊರಲ್ಲಿ ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ ಎಂದು ಬರೆದುಕೊಳ್ಳುತ್ತಾ ಹೋದ ಆತ ಮತ್ತೋಡಿನ ಗಾಜಿನ ಕೆಲಸವನ್ನೂ ಬರೆದಿಟ್ಟ. ಆ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಚೌಳು ಮಣ್ಣಿನ ಸಾರ, ಬಿಳಿಕಲ್ಲಿನ ಪುಡಿ, ದಿನಗಟ್ಟಲೆ ಉರಿ. ಇಷ್ಟರಿಂದ ಹೆಂಗಸರ ಕೈಬಳೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲೂ ಮತ್ತೋಡಿನ ಬಳೆಯ ಮಾತಿದೆ. ಚೌಳು ನೆಲ ಬೆಳೆಗೆ ಬಾರದು ಎಂದು ರೈತರು ಬೈದುಕೊಳ್ಳುವ ಮಣ್ಣು. ಅದರಿಂದ ಒಂದು ಊರಿನ ಒಲೆ ಉರಿದಿತ್ತು.

ಆ ಒಲೆಗಳನ್ನು ನಂದಿಸಿದ್ದರಲ್ಲಿ ಬಹಳ ದೂರದ ಒಲೆಗಳ ಪಾಲೂ ಇದೆ. ಇಂದಿನ ಚೆಕ್ ದೇಶದಲ್ಲಿ ಯಾಬ್ಲೊನೆಟ್ಸ್ ಎಂಬ ಊರಿದೆ. ಜರ್ಮನ್ ಭಾಷೆಯಲ್ಲಿ ಗಾಬ್ಲೋನ್ಸ್. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿನ ಕೆಲಸಗಾರರು ಭಾರತದ ಹೆಂಗಸರಿಗೆಂದೇ ಬಳೆ, ಮಣಿ ಮಾಡಿ ಹಡಗಿಗೆ ಹಾಕುತ್ತಿದ್ದರು. ಬಳೆ ತೊಡುವ ಕೈಯನ್ನು ಅವರು ಕಂಡವರಲ್ಲ. ಬಳೆ ಯಾಕೆ ತೊಡುತ್ತಾರೆ, ಯಾವಾಗ ತೆಗೆಯುತ್ತಾರೆ ಎಂಬುದನ್ನಂತೂ ಯಾರು ಅವರಿಗೆ ಹೇಳಬೇಕು? 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಆ ಕಡೆಯ ಹಡಗು ನಿಂತಾಗ ಜಪಾನಿನ ಬಳೆ ಒಳನುಗ್ಗಿತು. ಉತ್ತರ ಪ್ರದೇಶದ ಫಿರೋಜಾಬಾದಿನ ಕುಲುಮೆಗಳಿಗೂ ಜೀವ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಗಾಬ್ಲೋನ್ಸಿನ ಜರ್ಮನ್ ಕುಟುಂಬಗಳನ್ನು ಅಲ್ಲಿಂದ ಹೊರಹಾಕಲಾಯಿತು. ಅವರಲ್ಲಿ ಹಲವರು ಜರ್ಮನಿಯ ಬವೇರಿಯದಲ್ಲಿ ಹೊಸ ಊರು ಕಟ್ಟಿ ಅದಕ್ಕೆ ಹೊಸ ಗಾಬ್ಲೋನ್ಸ್ ಎಂದೇ ಹೆಸರಿಟ್ಟರು. ಅವರೂ ಹೊಸ ಮನೆಗಳ ಗೋಡೆಗೆ ಏನನ್ನಾದರೂ ನೇತುಹಾಕಿರುತ್ತಾರೆ ಎಂದುಕೊಳ್ಳುತ್ತೇನೆ.

ಫಿರೋಜಾಬಾದಿನ ಕೆಲಸದ ರೀತಿ ಓದಿದಾಗ ನನಗೆ ಅತ್ತೆಯ ನೆನಪು ಬಂದು ಪುಸ್ತಕ ಮುಚ್ಚಿಬಿಟ್ಟೆ. ಅಲ್ಲಿ ಕರಗಿದ ಗಾಜಿನ ಎಳೆಯನ್ನು ತಿರುಗುವ ಸಲಾಕೆಯ ಮೇಲೆ ಸ್ಪ್ರಿಂಗಿನ ಹಾಗೆ ಸುತ್ತುತ್ತಾರೆ. ಆಮೇಲೆ ಉದ್ದಕ್ಕೆ ಒಂದು ಗೀಟೆಳೆದು ಬಿಡಿಸಿದರೆ ಬಿಡಿ ಬಿಡಿ ಸುತ್ತುಗಳು. ಆದರೆ ಅವು ಇನ್ನೂ ಬಳೆಯಲ್ಲ, ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಅವು ಮನೆಮನೆಗೆ ಹೋಗುತ್ತವೆ. ಅಲ್ಲಿ ಹೆಂಗಸರು ಚಿಕ್ಕ ಉರಿಯ ಮುಂದೆ ಕೂತು ಒಂದೊಂದನ್ನೂ ಸಮ ಮಾಡಿ, ತುದಿಗೆ ತುದಿ ಬೆಸೆಯುತ್ತಾರೆ. ಸಿಧಾಯಿ, ಜುಡಾಯಿ ಎಂದು ಆ ಕೆಲಸಗಳ ಹೆಸರು. ಅಂಗಡಿಯಲ್ಲಿ ಡಜನ್ನಿನ ಲೆಕ್ಕದಲ್ಲಿ ಕೊಳ್ಳುವಾಗ ಬಳೆಯ ಮೇಲೆ ಆ ಸಣ್ಣ ಬೆಸುಗೆಯ ಗಂಟನ್ನು ನೀವು ಬೆರಳಲ್ಲಿ ಮುಟ್ಟಿರುತ್ತೀರಿ.

ಗೃಹಪ್ರವೇಶದ ದಿನ. ಹಸು ಬಂತು, ಹಾಲು ಉಕ್ಕಿತು, ಮುತ್ತೈದೆಯರು ಕಳಶ ಹಿಡಿದು ತಲೆಬಾಗಿಲು ದಾಟಿದರು. ಅವರೆಲ್ಲರ ತಲೆಯ ಮೇಲೆ ಬಳೆಯ ತೋರಣ ಕಿಣಿಕಿಣಿ ಎನ್ನುತ್ತಿತ್ತು. ಅದನ್ನು ಮಾಡಿದವಳು ಹಿತ್ತಿಲಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ಅತ್ತೆಗೆ ಹದಿನಾರಕ್ಕೆ ಮದುವೆ, ಹತ್ತೊಂಬತ್ತಕ್ಕೆ ಗಂಡ ಇಲ್ಲ. ಅವಳು ನಮ್ಮ ಮನೆಗೆ ಬಂದದ್ದು 1949ರಲ್ಲಿ, ನಾನು ಹುಟ್ಟುವುದಕ್ಕೂ ಮೊದಲು. ವಿಧವೆಯರು ಮರುಮದುವೆಯಾಗಬಹುದು ಎಂಬ ಕಾನೂನು 1856ರಲ್ಲೇ ಬಂದಿತ್ತು. ಕಾನೂನು ಕೋರ್ಟಿನಲ್ಲಿತ್ತು, ಅತ್ತೆ ಹಿತ್ತಿಲಲ್ಲಿದ್ದಳು. ಆ ದಿನ ಅವಳು ಎದುರು ಬರಬಾರದು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳದಂತೆ ಅವಳು ಬೆಳಗಿನ ಜಾವವೇ ಹಿಂಬಾಗಿಲಿನಿಂದ ಹೊಸ ಮನೆ ಸೇರಿಕೊಂಡಿದ್ದಳು.

ಊಟಕ್ಕೆ ಮುಂಚೆ ಹಿರಿಯ ನೆಂಟರೊಬ್ಬರು ತಲೆ ಎತ್ತಿ ನೋಡಿ ಹುಬ್ಬು ಗಂಟಿಕ್ಕಿದರು. “ಒಡೆದ ಬಳೆ ತಲೆಬಾಗಿಲಿಗೆ ಕಟ್ಟುವುದೆ? ಅದೂ ಇವತ್ತು?” ಅಮ್ಮ ಬಡಿಸುವ ಸೌಟು ಹಿಡಿದವಳು ನಿಂತು, “ಒಡೆದದ್ದಲ್ಲ, ಹೆಚ್ಚಿದ ಬಳೆ” ಅಂದಳು. ಅಷ್ಟೇ ಅಂದದ್ದು. ಅಮ್ಮ ಜಗಳಗಂಟಿಯಲ್ಲ, ಹನ್ನೆರಡು ವರ್ಷದ ನನಗೆ ಆ ಮಾತಿನಲ್ಲಿ ಏನಿತ್ತೆಂದು ತಿಳಿಯಲಿಲ್ಲ. ನೆಂಟರಿಗೆ ತಿಳಿದಿರಬೇಕು, ಮತ್ತೆ ಆ ಮಾತೆತ್ತಲಿಲ್ಲ.

ಆ ತೋರಣದಲ್ಲಿ ಕೆಂಪು, ನೀಲಿ, ಹಳದಿ ಎಲ್ಲ ಬೆರಕೆ. ಒಂದು ಎಳೆ ಮಾತ್ರ ಪೂರ್ತಿ ಹಸಿರು. ನಡುವಿನದಲ್ಲ, ಬಲಗಡೆ ಕೊನೆಯದು, ಬಾಗಿಲು ತೆರೆದರೆ ಮರೆಯಾಗುವಂಥದ್ದು. 1996ರಲ್ಲಿ ಅತ್ತೆ ತೀರಿಕೊಂಡಳು. ಕೆಲವು ದಿನ ಕಳೆದ ಮೇಲೆ ಅಮ್ಮ ಧೂಳು ಹೊಡೆಯುತ್ತಾ ಆ ಎಳೆಯನ್ನು ಮುಟ್ಟಿ, “ಇದು ಅವಳ ಮದುವೆಯ ಬಳೆ” ಅಂದಳು. ಅತ್ತೆಯ ಗಂಡ ಹೋದಾಗ ಊರ ಹೆಂಗಸರು ಕಲ್ಲು ಹಿಡಿದು ಬರುವ ಮೊದಲೇ ನಮ್ಮಜ್ಜಿ ಮಗಳ ಕೈಗೆ ಸೋಪು ಹಚ್ಚಿ ಒಂದೊಂದಾಗಿ ಕಳಚಿ ತೆಗೆದು, ನಾಲ್ಕೇ ನಾಲ್ಕನ್ನು ಶಾಸ್ತ್ರಕ್ಕೆಂದು ಬಿಟ್ಟಿದ್ದರಂತೆ. ಉಳಿದವು ಒಂದು ತಗಡಿನ ಡಬ್ಬಿಯಲ್ಲಿ ಇಪ್ಪತ್ತೈದು ವರ್ಷ ಇದ್ದವು. ತೋರಣ ಮಾಡುವಾಗ ಒಂದು ಎಳೆಗೆ ಚೂರು ಸಾಲಲಿಲ್ಲ. ಸೀಸೆ ಖಾಲಿ. ಅತ್ತೆ ಎದ್ದು ಹೋಗಿ ಡಬ್ಬಿ ತಂದು, ಆ ಬಳೆಗಳನ್ನು ಬಟ್ಟೆಯಲ್ಲಿ ಸುತ್ತಿ, ಒಳಕಲ್ಲಿನ ಅಂಚಿಗೆ ತಾನೇ ತಟ್ಟಿದಳು. “ನಾನು ಬೇಡ ಅನ್ನಲಿಲ್ಲ. ಅನ್ನಬೇಕಿತ್ತೋ ಏನೋ” ಎಂದಳು ಅಮ್ಮ.

ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ, ನಮ್ಮ ಬೆಳಗಾವಿ ಗಡಿಗೆ ದೂರವಲ್ಲದ ಹೇರ್ವಾಡ ಎಂಬ ಹಳ್ಳಿಯ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಒಂದು ಠರಾವು ಮಾಡಿತು. ಗಂಡ ಸತ್ತಾಗ ಬಳೆ ಒಡೆಯುವುದು, ಕುಂಕುಮ ಅಳಿಸುವುದು ಇನ್ನು ಮೇಲೆ ಬೇಡ ಎಂದು. ಸುದ್ದಿ ಓದಿ ಅಮ್ಮನಿಗೆ ಹೇಳೋಣವೆಂದರೆ ಅಷ್ಟರಲ್ಲಿ ಅವಳೂ ಇರಲಿಲ್ಲ.

ಪತ್ರಿಕೆಗಳಲ್ಲಿ ಇಂಥ ಕೈಕೆಲಸಕ್ಕೆ ‘ಕಸದಿಂದ ರಸ’ ಎಂದು ತಲೆಬರಹ ಕೊಡುತ್ತಿದ್ದರು. ಆ ಮಾತು ಕಂಡರೆ ನನಗೆ ಸಣ್ಣ ಸಿಟ್ಟು. ಅತ್ತೆಯ ಸೀಸೆಯಲ್ಲಿ ಇದ್ದದ್ದು ಕಸವಲ್ಲ.

ಹೋದ ವರ್ಷ ಮಗಳು ದಾವಣಗೆರೆಯಲ್ಲಿ ಮನೆ ಮಾಡಿದಳು. ಅವಳ ಮನೆಯ ಗೋಡೆಗಳಿಗೆಲ್ಲ ಗಾರೆ, ಬಣ್ಣ ಎಲ್ಲ ಆಗಿದೆ, ಮುಚ್ಚುವಂಥದ್ದು ಏನೂ ಇಲ್ಲ. ಕಂತು ಕಟ್ಟಿ ಕೈ ಖಾಲಿ, ಅದೊಂದು ಮಾತ್ರ ನಮ್ಮ ಕಾಲದಂತೆಯೇ. “ಅಂಗಡಿಯ ತೋರಣ ಬೇಡಮ್ಮ, ಅದನ್ನು ಕೊಡು” ಎಂದು ಕೇಳಿದಳು. ಹಳೆ ಸೀರೆಯಲ್ಲಿ ಸುತ್ತಿಟ್ಟದ್ದನ್ನು ಬಿಚ್ಚಿದರೆ ಎರಡು ಎಳೆ ಕಳಚಿ ಬಿದ್ದಿದ್ದವು, ಐದು ಉಂಗುರ ಪುಡಿ. ಹಸಿರು ಎಳೆ ನೆಟ್ಟಗಿತ್ತು.

ತೆಳು ಗಾಜಿನ ಬಳೆ ಹುಡುಕುವುದೇ ಒಂದು ಪಾಡಾಯಿತು. ಅಂಗಡಿಗಳಲ್ಲಿ ಎದುರಿಗೆ ಇದ್ದದ್ದೆಲ್ಲ ಪ್ಲಾಸ್ಟಿಕ್ಕು, ಲೋಹ, ಹೊಳೆಯುವ ಕಲ್ಲಿನ ಬಳೆಗಳು. ಕೊನೆಗೆ ಸಂತೆಯಲ್ಲಿ ಒಬ್ಬ ಮುದುಕಿ ಒಂದು ಡಜನ್ ಕೊಟ್ಟಳು. ಹೊಸ ಬಳೆಯನ್ನು ಬಟ್ಟೆಯಲ್ಲಿ ಸುತ್ತಿ ಒಡೆಯಲು ಕೈ ಬರಲಿಲ್ಲ. ಆ ಕೆಲಸ ಅಳಿಯನಿಗೆ ಕೊಟ್ಟೆ. ಅವನು ಒಂದೇ ಏಟಿಗೆ ನುಚ್ಚು ಮಾಡಿಟ್ಟ. ಎರಡನೇ ಸಲ ಮೆಲ್ಲಗೆ ತಟ್ಟಿದ.

ಕಿಟಕಿ ಮುಚ್ಚಿ ಮೇಣದ ಬತ್ತಿ ಹಚ್ಚಿದೆವು. ಮೊದಲಿನ ಏಳೆಂಟು ಚೂರು ಸಿಡಿದವು. ಎರಡು ಬೆರಳು ಸುಟ್ಟವು. ಒಂದು ಚೆನ್ನಾಗಿ ಬಾಗಿತು, ಹಿಂದಿನ ಉಂಗುರ ತೂರಿಸುವುದನ್ನು ಮರೆತೆ. ಮಗಳು ಆ ಒಂಟಿ ಉಂಗುರವನ್ನು ಬೆರಳಿಗೆ ಹಾಕಿಕೊಳ್ಳಲು ನೋಡಿದಳು, ಹಿಡಿಸಲಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಐದೂ ಸೇರಿದವು. ಎಳೆಗಳನ್ನು ಪಟ್ಟಿಗೆ ಮತ್ತೆ ಹೊಲಿಯುವಾಗ ಮಗಳು ಹಸಿರನ್ನು ಎತ್ತಿ ಹಿಡಿದು, ಇದು ಎಲ್ಲಿಗೆ ಎಂದು ಕೇಳಿದಳು. ನಡುವಿಗೆ ಹಾಕು ಅಂದೆ. ಬೆಳಿಗ್ಗೆ ತೊಳೆದು ಕಟ್ಟಿದೆವು. ನನ್ನ ಐದರಲ್ಲಿ ಒಂದರ ಮಸಿ ಸೀಗೇಕಾಯಿಗೂ ಹೋಗಲಿಲ್ಲ, ಹಾಗೇ ಇದೆ.