ಜೆಬೆಲ್ ಅಲಿಯಿಂದ ಅಲ್ ಮಾರಿಯಾವರೆಗೆ: ಎಮಿರೇಟ್ಸ್‌ನ ಮುಕ್ತ ವಲಯಗಳು

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ವಿದೇಶಿಯರು ಪೂರ್ತಿ ತಮ್ಮದೇ ಒಡೆತನದಲ್ಲಿ ವ್ಯವಹಾರ ನಡೆಸುವ ದಾರಿ 1985ರಲ್ಲಿ ದುಬೈನ ಜೆಬೆಲ್ ಅಲಿಯಲ್ಲಿ ತೆರೆಯಿತು. ಅಲ್ಲಿನ ಬಂದರು 1979ರಲ್ಲೇ ಸಿದ್ಧವಾಗಿತ್ತು. ಅದರ ಸುತ್ತ ಕಾರ್ಖಾನೆ, ಉಗ್ರಾಣಗಳು ಬೆಳೆದು ಹಡಗುಗಳಿಗೆ ಸರಕು ಒದಗಬೇಕೆಂದು ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ಅವರ ಆಡಳಿತ ಮುಕ್ತ ವಲಯವನ್ನು ಸ್ಥಾಪಿಸಿತು. ಕಲ್ಪನೆ ಹೊಸದೇನಲ್ಲ. ಐರ್ಲೆಂಡಿನ ಶಾನನ್‌ನಲ್ಲಿ 1959ರಿಂದ, ಗುಜರಾತಿನ ಕಾಂಡ್ಲಾದಲ್ಲಿ 1965ರಿಂದ ಇಂಥ ವಲಯಗಳಿದ್ದವು. ಜೆಬೆಲ್ ಅಲಿ ಸುಂಕ ವಿನಾಯಿತಿಯ ಜೊತೆಗೆ ನೂರಕ್ಕೆ ನೂರು ಒಡೆತನವನ್ನೂ, ಲಾಭವನ್ನು ತಡೆಯಿಲ್ಲದೆ ತಾಯ್ನಾಡಿಗೆ ಒಯ್ಯುವ ಹಕ್ಕನ್ನೂ ಕೊಟ್ಟಿತು.

ಆ ಕಾಲಕ್ಕೆ ಇದು ಎಷ್ಟು ದೊಡ್ಡದು ಎಂಬುದು ವಲಯದ ಹೊರಗಿನ ಸ್ಥಿತಿಯಿಂದ ತಿಳಿಯುತ್ತದೆ. 1984ರ ಫೆಡರಲ್ ಕಂಪನಿ ಕಾಯ್ದೆಯ ಪ್ರಕಾರ ಮೇನ್‌ಲ್ಯಾಂಡ್, ಅಂದರೆ ಮುಕ್ತ ವಲಯದ ಹೊರಗಿನ, ಕಂಪನಿಯಲ್ಲಿ ಶೇ 51ರಷ್ಟು ಪಾಲು ಎಮಿರೇಟ್ಸ್ ಪ್ರಜೆಗಳದ್ದಾಗಿರಬೇಕಿತ್ತು. ಮಂಗಳೂರು, ಉಡುಪಿ, ಕಾಸರಗೋಡಿನ ಕಡೆಯಿಂದ ಹೋಗಿ ವ್ಯಾಪಾರಕ್ಕಿಳಿದವರಿಗೂ ಸ್ಥಳೀಯ ಪಾಲುದಾರ ಅಥವಾ ಸ್ಪಾನ್ಸರ್ ಇಲ್ಲದೆ ಲೈಸನ್ಸ್ ಸಿಗುತ್ತಿರಲಿಲ್ಲ. ಬಂಡವಾಳ, ದುಡಿಮೆ ಎರಡೂ ಒಬ್ಬರವಾದರೂ ಕಾಗದದ ಮೇಲಿನ ಬಹುಪಾಲು ಇನ್ನೊಬ್ಬರದು. ಒಳಗೊಳಗೇ ಮಾಡಿಕೊಂಡ ಒಪ್ಪಂದಗಳು ನಂಬಿಕೆ ಇರುವವರೆಗೆ ನಡೆಯುತ್ತಿದ್ದವು. ವ್ಯಾಜ್ಯವಾದರೆ ನ್ಯಾಯಾಲಯದಲ್ಲಿ ಅವು ನಿಲ್ಲುತ್ತವೆಯೇ ಎಂಬುದು ಅನುಮಾನವಾಗಿತ್ತು.

1992ರ ದುಬೈ ಕಾನೂನು ಜೆಬೆಲ್ ಅಲಿಯಲ್ಲಿ ಒಬ್ಬನೇ ಷೇರುದಾರನಿರುವ ಸೀಮಿತ ಹೊಣೆಯ ಸಂಸ್ಥೆಗೆ ಅವಕಾಶ ಕೊಟ್ಟಿತು. ಅದಕ್ಕೆ ಬೇಕಿದ್ದ ಕನಿಷ್ಠ ಬಂಡವಾಳ 10 ಲಕ್ಷ ದಿರ್ಹಮ್. ಸಣ್ಣ ಉದ್ಯಮಿಗೆ ಅದು ಎಟುಕುವ ಮೊತ್ತವಲ್ಲ. ಮುಂದೆ ಈ ಷರತ್ತು ಸಡಿಲವಾಯಿತು. 1996ರಲ್ಲಿ ವಿಮಾನ ನಿಲ್ದಾಣದ ಪಕ್ಕ ಮತ್ತೊಂದು ವಲಯ, 2000ದಲ್ಲಿ ದುಬೈ ಇಂಟರ್‌ನೆಟ್ ಸಿಟಿ, ಅದರ ಬೆನ್ನಿಗೇ ಮೀಡಿಯಾ ಸಿಟಿ, 2002ರಲ್ಲಿ ಚಿನ್ನ, ವಜ್ರ, ಚಹಾ ವಹಿವಾಟಿನ ಡಿಎಂಸಿಸಿ ಬಂದವು. ಬಂದರು, ಉಗ್ರಾಣಗಳ ಹಂಗು ಇಲ್ಲಿಗೆ ತಪ್ಪಿತು. ಕ್ರಮೇಣ ಹಂಚಿಕೊಂಡ ಕಚೇರಿಯ ಒಂದು ಮೇಜು, ಅಂದರೆ ಫ್ಲೆಕ್ಸಿ ಡೆಸ್ಕ್, ಇದ್ದರೂ ಕಂಪನಿ ನೋಂದಾಯಿಸಬಹುದಾಯಿತು. ಅಬುಧಾಬಿ ತಡವಾಗಿ ಹೊರಟು ತನ್ನದೇ ದಾರಿ ಹಿಡಿಯಿತು: ನವೀಕರಿಸಬಹುದಾದ ಇಂಧನಕ್ಕೆ ಮಸ್ದಾರ್ ಸಿಟಿ, ಕೈಗಾರಿಕೆಗೆ ಖಲೀಫಾ ಬಂದರಿನ ಸುತ್ತಲ ಪ್ರದೇಶ.

ಇಡೀ ಚರಿತ್ರೆಯಲ್ಲಿ ಅತ್ಯಂತ ದೂರಗಾಮಿಯಾದ ಹೆಜ್ಜೆ 2004ರದು. ಸಂವಿಧಾನಕ್ಕೆ ತಿದ್ದುಪಡಿ ತಂದು, ಹಣಕಾಸು ಮುಕ್ತ ವಲಯಗಳನ್ನು ಫೆಡರಲ್ ಸಿವಿಲ್ ಮತ್ತು ವಾಣಿಜ್ಯ ಕಾನೂನುಗಳ ಹೊರಗಿಡಲಾಯಿತು. ಕ್ರಿಮಿನಲ್ ಕಾನೂನು ಮಾತ್ರ ಎಲ್ಲೆಡೆಯಂತೆ ಉಳಿಯಿತು. ಹೀಗೆ ಹುಟ್ಟಿದ ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರಕ್ಕೆ ಇಂಗ್ಲಿಷ್‌ನಲ್ಲಿ ಕಲಾಪ ನಡೆಸುವ ಸ್ವಂತ ನ್ಯಾಯಾಲಯವಿದೆ. 2015ರಲ್ಲಿ ಅಲ್ ಮಾರಿಯಾ ದ್ವೀಪದಲ್ಲಿ ಕೆಲಸ ಆರಂಭಿಸಿದ ಅಬುಧಾಬಿ ಗ್ಲೋಬಲ್ ಮಾರ್ಕೆಟ್ ಇಂಗ್ಲಿಷ್ ಕಾಮನ್ ಲಾವನ್ನು ನೇರವಾಗಿ ಅಳವಡಿಸಿಕೊಂಡಿತು. ಇದರ ಬೆಲೆ ಕನ್ನಡಿಗರಿಗೆ ಪರಿಚಿತವಾದ ಒಂದು ಪ್ರಕರಣದಲ್ಲೇ ಕಾಣುತ್ತದೆ. ಕಾಪುವಿನ ಬಿ.ಆರ್. ಶೆಟ್ಟಿ ಅವರು 1975ರಲ್ಲಿ ಅಬುಧಾಬಿಯಲ್ಲಿ ಆರಂಭಿಸಿದ ಎನ್‌ಎಂಸಿ ಆಸ್ಪತ್ರೆ ಸಮೂಹ 2020ರಲ್ಲಿ ಸಾಲದ ಬಿಕ್ಕಟ್ಟಿಗೆ ಸಿಕ್ಕಾಗ, ಅದರ ಕಂಪನಿಗಳ ನೋಂದಣಿಯನ್ನು ಈ ವಲಯಕ್ಕೆ ವರ್ಗಾಯಿಸಿ, ಅಲ್ಲಿನ ನ್ಯಾಯಾಲಯದ ಮೂಲಕ ಆಡಳಿತಾಧಿಕಾರಿಗಳನ್ನು ನೇಮಿಸಲಾಯಿತು. ಆಸ್ಪತ್ರೆಗಳು ಬಾಗಿಲು ಮುಚ್ಚದೆ ನಡೆಯುತ್ತಿರುವಾಗಲೇ ಸಾಲ ಮರುಹೊಂದಿಕೆಗೆ ಅದು ದಾರಿ ಮಾಡಿಕೊಟ್ಟಿತು.

ಕಂಪನಿ ತೆರೆಯುವ ಕ್ರಮ ಎಲ್ಲ ವಲಯಗಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲು ವ್ಯವಹಾರದ ಬಗೆ ನಿಗದಿಯಾಗಬೇಕು. ಲೈಸನ್ಸ್ ಅದಕ್ಕೇ ಸೀಮಿತ. ಹೆಸರು ಕಾಯ್ದಿರಿಸಿ, ಪಾಸ್‌ಪೋರ್ಟ್ ಪ್ರತಿ ಒದಗಿಸಿ, ನಿಜವಾದ ಒಡೆಯರು ಯಾರೆಂದು ಘೋಷಿಸಿ, ಕಚೇರಿ ಬಾಡಿಗೆಗೆ ಹಿಡಿದರೆ ಲೈಸನ್ಸ್ ಬರುತ್ತದೆ. ವೀಸಾ ಪಡೆಯಲು ಕಂಪನಿಗೆ ಬೇಕಾದ ಎಸ್ಟಾಬ್ಲಿಷ್‌ಮೆಂಟ್ ಕಾರ್ಡ್, ವೀಸಾ, ಎಮಿರೇಟ್ಸ್ ಐಡಿ ಆಮೇಲಿನವು. ಹೆಚ್ಚು ತಾಳ್ಮೆ ಬೇಡುವುದು ಬ್ಯಾಂಕ್ ಖಾತೆ. ಲೈಸನ್ಸ್ ಕೆಲವೇ ದಿನಗಳಲ್ಲಿ ಕೈಸೇರಬಹುದು, ಆದರೆ ಹಣದ ಮೂಲ ಮತ್ತು ಗ್ರಾಹಕರ ವಿವರವನ್ನು ಬ್ಯಾಂಕು ಪರಿಶೀಲಿಸಲು ವಾರಗಳೇ ಹಿಡಿಯಬಹುದು.

ತೆರಿಗೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಲಯಗಳು ಬೆಳೆದದ್ದು ಮುಖ್ಯವಾಗಿ ಆದಾಯ ತೆರಿಗೆ ಇಲ್ಲದ್ದರಿಂದ ಎನ್ನುತ್ತಾರೆ. ಆದರೆ ತೈಲ ಕಂಪನಿ ಮತ್ತು ವಿದೇಶಿ ಬ್ಯಾಂಕುಗಳನ್ನು ಬಿಟ್ಟರೆ ಮೇನ್‌ಲ್ಯಾಂಡ್‌ನಲ್ಲೂ ಲಾಭದ ಮೇಲೆ ತೆರಿಗೆ ಇರಲಿಲ್ಲ. ಜನರನ್ನು ಸೆಳೆದದ್ದು ಒಡೆತನ. ಆ ಭೇದವೇ 2021ರ ಜೂನ್‌ನಿಂದ ಬಹುಮಟ್ಟಿಗೆ ಅಳಿಯಿತು: ತಿದ್ದುಪಡಿಯಾದ ಕಾಯ್ದೆ ಮೇನ್‌ಲ್ಯಾಂಡ್‌ನ ಹೆಚ್ಚಿನ ವ್ಯವಹಾರಗಳಲ್ಲೂ ವಿದೇಶಿಯರಿಗೆ ಪೂರ್ಣ ಒಡೆತನ ಕೊಟ್ಟಿತು. ತೆರಿಗೆಯ ಭೇದ ನಿಜವಾದದ್ದು ಅದರ ನಂತರ. 2023ರ ಜೂನ್ 1ರಿಂದ ಆರಂಭವಾದ ಲೆಕ್ಕವರ್ಷಗಳಿಗೆ 3,75,000 ದಿರ್ಹಮ್ ಮೀರಿದ ಲಾಭದ ಮೇಲೆ ಶೇ 9 ಕಾರ್ಪೊರೇಟ್ ತೆರಿಗೆ ಬಂತು. ಮುಕ್ತ ವಲಯದ ‘ಅರ್ಹ ಆದಾಯ’ಕ್ಕೆ ಮಾತ್ರ ಶೂನ್ಯ ದರ ಉಳಿಯಿತು.

ಆ ಅರ್ಹತೆ ಸುಲಭದ್ದಲ್ಲ. ವಲಯದೊಳಗೆ ನಿಜವಾದ ಸಿಬ್ಬಂದಿ, ಖರ್ಚು, ಆಸ್ತಿ ಇರಬೇಕು. ಲೆಕ್ಕಪತ್ರ ಆಡಿಟ್ ಆಗಿರಬೇಕು. ತಯಾರಿಕೆ, ಹಡಗು ಸಂಚಾರ, ಷೇರು ಹಿಡುವಳಿ, ನಿಧಿ ನಿರ್ವಹಣೆಯಂಥವು ಅರ್ಹ ಚಟುವಟಿಕೆಗಳ ಪಟ್ಟಿಯಲ್ಲಿವೆ. ವಲಯದ ಹೊರಗಿನವರಿಗೆ ಕೊಡುವ ಸಾಮಾನ್ಯ ಸಲಹಾ ಸೇವೆ ಇಲ್ಲ. ಅನರ್ಹ ವರಮಾನ ಒಟ್ಟು ವರಮಾನದ ಶೇ 5 ಅಥವಾ 50 ಲಕ್ಷ ದಿರ್ಹಮ್, ಇವೆರಡರಲ್ಲಿ ಕಡಿಮೆಯಾದದ್ದನ್ನು ದಾಟಿದರೆ ಆ ವರ್ಷವಷ್ಟೇ ಅಲ್ಲ, ಮುಂದಿನ ನಾಲ್ಕು ವರ್ಷವೂ ಶೂನ್ಯ ದರ ಕೈತಪ್ಪುತ್ತದೆ.

ಕರ್ನಾಟಕದಿಂದ ಹೋಗುವ ಉದ್ಯಮಿಗೆ ಇನ್ನೊಂದು ಲೆಕ್ಕವೂ ಇದೆ. ಭಾರತದ ನಿವಾಸಿ ಅಲ್ಲಿ ಷೇರು ಕೊಳ್ಳುವುದು 2022ರ ಸಾಗರೋತ್ತರ ಹೂಡಿಕೆ ನಿಯಮಗಳಿಗೆ ಒಳಪಡುತ್ತದೆ. ದುಬೈನಲ್ಲಿ ಲೈಸನ್ಸ್ ಇಟ್ಟುಕೊಂಡು ತೀರ್ಮಾನಗಳನ್ನೆಲ್ಲ ಬೆಂಗಳೂರಿನಲ್ಲಿ ಕುಳಿತು ಕೈಗೊಂಡರೆ, ಕಂಪನಿಯ ವಾಸ್ತವ ಆಡಳಿತ ಸ್ಥಳ ಭಾರತವೇ ಎಂದು ಇಲ್ಲಿನ ತೆರಿಗೆ ಬೀಳಬಹುದು. ವಾರ್ಷಿಕ ವಹಿವಾಟು 50 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ.

2025ರಲ್ಲಿ ಮುಕ್ತ ವಲಯ ಮತ್ತು ಮೇನ್‌ಲ್ಯಾಂಡ್ ನಡುವಿನ ಗೋಡೆ ಎರಡು ಕಡೆಯಿಂದ ತೆಳುವಾಯಿತು. ಜಗತ್ತಿನಾದ್ಯಂತ 75 ಕೋಟಿ ಯೂರೊ ಅಥವಾ ಹೆಚ್ಚಿನ ವರಮಾನವಿರುವ ಬಹುರಾಷ್ಟ್ರೀಯ ಸಮೂಹಗಳಿಗೆ ಎಮಿರೇಟ್ಸ್ ಶೇ 15ರ ಕನಿಷ್ಠ ತೆರಿಗೆ ಜಾರಿಗೊಳಿಸಿತು. ಮುಕ್ತ ವಲಯದ ಘಟಕಗಳೂ ಅದರಲ್ಲಿ ಸೇರಿವೆ. ಮುಕ್ತ ವಲಯದ ಕಂಪನಿಗಳು ಪರವಾನಗಿ ಪಡೆದು ಮೇನ್‌ಲ್ಯಾಂಡ್‌ನಲ್ಲೂ ವ್ಯವಹರಿಸಲು ದುಬೈ ಅದೇ ವರ್ಷ ಅನುವು ಮಾಡಿಕೊಟ್ಟಿತು. ಆ ವ್ಯವಹಾರದ ಲೆಕ್ಕವನ್ನು ಬೇರೆಯೇ ಇಡಬೇಕು, ಅದರ ಲಾಭಕ್ಕೆ ಶೇ 9ರ ದರ ಅನ್ವಯಿಸುತ್ತದೆ.