ಸೆರೆಮನೆ ಸೇವೆ, ಕ್ಯಾಥೊಲಿಕ್

ಬಂದಿಗಳಿಗೂ ಅವರ ಕುಟುಂಬಗಳಿಗೂ ಬಿಡುಗಡೆಯಾದವರಿಗೂ ಕ್ಯಾಥೊಲಿಕ್ ಧರ್ಮಸಭೆ ನೀಡುವ ಆಧ್ಯಾತ್ಮಿಕ ಹಾಗೂ ಸಾಮಾಜಿಕ ಆರೈಕೆಗೆ ಈ ಹೆಸರಿದ್ದು, ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯವನ್ನು ಇದರ ಮೂಲವೆಂದು ಪರಿಗಣಿಸಲಾಗುತ್ತದೆ. ಭಾರತದಲ್ಲಿ ಇದು ಸಂಘಟಿತ ರೂಪ ಪಡೆದದ್ದು 1981ರಲ್ಲಿ ಕೇರಳದಲ್ಲಿ ಆರಂಭವಾದ ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’ದಿಂದ, ಅದರ ರಾಷ್ಟ್ರೀಯ ಕಚೇರಿ ಬೆಂಗಳೂರಿನಲ್ಲಿದೆ. ಸಹಬಂದಿಯೊಬ್ಬನ ಬದಲು ತಾನೇ ಸಾವನ್ನು ಒಪ್ಪಿಕೊಂಡು 1941ರ ಆಗಸ್ಟ್ 14ರಂದು ಆಶ್ವಿಟ್ಜ್ ಶಿಬಿರದಲ್ಲಿ ಮಡಿದ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ ಈ ಸಂಸ್ಥೆಯ ಪಾಲಕ ಸಂತ.

ಕರ್ನಾಟಕದ ಒಂದು ಉದಾಹರಣೆ ನೋಡುವುದಾದರೆ, ಕೈಗಾ, ಅಂಕೋಲಾಗಳನ್ನೊಳಗೊಂಡ ಉತ್ತರ ಕನ್ನಡ ಜಿಲ್ಲೆ, 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟ ಕಾರವಾರ ಧರ್ಮಕ್ಷೇತ್ರಕ್ಕೆ, ಅಂದರೆ ಒಬ್ಬ ಬಿಷಪರ ಅಧಿಕಾರವ್ಯಾಪ್ತಿಗೆ, ಸೇರಿದ್ದು, ಜಿಲ್ಲಾ ಕಾರಾಗೃಹ ಕಾರವಾರದಲ್ಲಿದೆ. ಕೆನ್ಯಾ, ನೈಜೀರಿಯಾಗಳಲ್ಲಿ ಸೆರೆಮನೆಯ ಗುರುಗಳು, ಅಂದರೆ ಅಲ್ಲಿ ಈ ಸೇವೆಗೆ ನೇಮಕವಾದ ಪಾದ್ರಿಗಳು, ಕಾರಾಗೃಹ ಇಲಾಖೆಯ ಅಧಿಕಾರಿಗಳೇ ಆಗಿರುವುದುಂಟು. ಭಾರತದಲ್ಲಿ ಅವರು ಅನುಮತಿ ಪಡೆದು ಒಳಬರುವ ಹೊರಗಿನವರು, ಬಂದಿಯ ವಿಶ್ವಾಸ ಗಳಿಸಲು ಬಹುಶಃ ಅದೇ ಅನುಕೂಲ. 1983ರ ಧರ್ಮಸಭಾ ಕಾನೂನಿನ 566ನೆಯ ವಿಧಿ ಸೆರೆಮನೆಯ ಗುರುವಿಗೆ ಕೆಲವು ಧರ್ಮದಂಡನೆಗಳಿಂದ ಅಲ್ಲಿಯೇ ವಿಮೋಚನೆ ನೀಡುವ ವಿಶೇಷಾಧಿಕಾರ ಕೊಟ್ಟರೆ, 983ನೆಯ ವಿಧಿಯ ಪ್ರಕಾರ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಆತ ಜೈಲಧಿಕಾರಿಗಾಗಲಿ ನ್ಯಾಯಾಲಯಕ್ಕಾಗಲಿ ತಿಳಿಸುವಂತಿಲ್ಲ.